ಬಿಡ್ತು ಅನ್ನಿ

ಪುಟ್ಟಿಯ ಅಪ್ಪನವರಿಗೆ ನಮಸ್ಕಾರ.

ನೀವು ಬರುವ ಮೊದಲೇ ಶಿಶುವಿಹಾರದಲ್ಲಿ ನನ್ನ ಪಾಳಿ ಮುಗಿಯುವುದರಿಂದ ಇದನ್ನು ಸಂಜೆಯ ಆಂಟಿಯ ಕೈಯಲ್ಲಿ ಕೊಟ್ಟಿರುತ್ತೇನೆ.

ಪುಟ್ಟಿ ಇವತ್ತು ತಟ್ಟೆಯಲ್ಲಿ ಏನೂ ಬಿಡದೆ ಊಟ ಮಾಡಿದಳು, ಆಮೇಲೆ ನಿದ್ದೆಯೂ ಮಾಡಿದಳು. ನೀವು ಸ್ವೆಟರಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿದ್ದಿರಿ. ಸರಿಮಾಡಲು ಹೋದರೆ "ಅಪ್ಪ ಹಾಕಿದ್ದು, ಮುಟ್ಬೇಡಿ" ಎಂದು ಗದರಿದಳು. ಹಾಗೇ ಬಿಟ್ಟಿದ್ದೇನೆ. ನೀರಿನ ಬಾಟಲಿಯ ಮುಚ್ಚಳ ಸೋರುತ್ತಿದೆ, ಬೇರೆ ಕಳಿಸಿ.

ಅವಳಮ್ಮ ತೀರಿಕೊಂಡ ಮೇಲೆ ಅವಳು ಗೇಟು ಹಿಡಿದು ಅಳದೆ ಒಳಗೆ ಬಂದದ್ದು ಇವತ್ತೇ ಮೊದಲು. ಬೆಳಿಗ್ಗೆ ಹೊರಡುವಾಗ ನೀವು, ಯಾವ ಯೋಚನೆಯಲ್ಲಿದ್ದಿರೋ, ಅವಳಿಗೆ "ಹೋಗ್ತೀನಿ" ಅಂದುಬಿಟ್ಟಿರಿ. ಹೊರಡುವವರು ಬರ್ತೀನಿ ಅನ್ನಬೇಕಲ್ಲವೇ? "ಬಿಡ್ತು ಅನ್ನಿ" ಎಂದು ಕೂಗುವಷ್ಟರಲ್ಲಿ ನೀವು ರಸ್ತೆ ದಾಟಿದ್ದಿರಿ.

ಹಾಲು ಕುಡಿಯುವಾಗ ಅವಳಾಗಿಯೇ ಹೇಳಿದಳು: "ಆಸ್ಪತ್ರೆಗೆ ಹೋಗೋವಾಗ ಅಮ್ಮ ಬರ್ತೀನಿ ಅಂದ್ಲು, ಬರ್ಲೇ ಇಲ್ಲ. ಅಪ್ಪ ಹೋಗ್ತೀನಿ ಅಂದ. ಅಪ್ಪ ಬರ್ತಾನೆ."

ಹಾಗಾಗಿ ಬಿಡ್ತು ಅನ್ನುವುದೇನೂ ಬೇಡ. ನಾಳೆಯೂ ಹಾಗೇ ಹೇಳಿ. ಸಂಜೆ ಮಾತ್ರ ಪಕ್ಕದ ಮನೆಯವರನ್ನು ಕಳಿಸಬೇಡಿ, ನೀವೇ ಬನ್ನಿ. ಸ್ವಲ್ಪ ತಡವಾದರೂ ಚಿಂತೆಯಿಲ್ಲ, ಕಾಯುತ್ತಾಳೆ.

ಇದಿಷ್ಟನ್ನು ಬಾಗಿಲಲ್ಲಿ ನಿಂತು ಸೇರಿಸುತ್ತಿದ್ದೇನೆ. ಈಗ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. ಬಾಯಿಗೆ ಬಂದ ಮಾತು ನುಂಗಿಕೊಂಡು ನಾನೂ ಹೋಗ್ತೀನಿ ಅಂದೆ.

ಇಂತಿ,
ಬೆಳಗಿನ ಆಂಟಿ