ಯಾವ ಸುನಂದಾ?

ಗಾಜಿಪುರ, ಕಲಬುರಗಿ
೯ ಎಪ್ರಿಲ್ ೨೦೨೩, ಭಾನುವಾರ

ತಂಗಿ ಸುನಂದಾಗೆ,

ಪ್ರೀತಿಯ ಎಂದು ಬರೆಯಲು ಹೋಗಿ ಕೈ ತಡೆಯಿತು. ಆರು ವರ್ಷ ನಿನ್ನನ್ನು ಶಪಿಸಿದವಳು ನಾನು; ಒಂದೇ ಕಾಗದದಲ್ಲಿ ಪ್ರೀತಿ ಎಲ್ಲಿಂದ ತರಲಿ? ಹೇಗಿದ್ದೀ? ಮೈಯಲ್ಲಿ ಆರಾಮ ಇದೆಯೇ? ಹೊತ್ತಿಗೆ ಊಟ ಸಿಗುತ್ತಿದೆಯೇ? ಎಲ್ಲಿದ್ದೀ ಎಂದೇ ಗೊತ್ತಿಲ್ಲದವಳನ್ನು ಹೀಗೆ ಕೇಳುವುದು ಹುಚ್ಚುತನ. ಆದರೂ ಕೇಳುತ್ತೇನೆ. ಯುಗಾದಿಯ ಹಿಂದಿನ ದಿನ ನೀನು ಕಾಣೆಯಾದೆ; ಈ ಹತ್ತೊಂಬತ್ತು ದಿನಗಳಲ್ಲಿ ಈ ಮನೆಯಲ್ಲಿ ಯಾರೂ ಇದನ್ನು ಕೇಳಲಿಲ್ಲ.

ನನ್ನ ಗುರುತು ಹೇಳಿಬಿಡುತ್ತೇನೆ. ನಾನು ಶಿವಕಾಂತಮ್ಮ, ಶಾಸಕ ಅಣವೀರಪ್ಪನ ಮದುವೆಯ ಹೆಂಡತಿ. ಗಂಡನ ಹೆಸರನ್ನು ಮೂವತ್ತು ವರ್ಷಗಳಲ್ಲಿ ಮೊದಲ ಸಲ ಬರೆದೆ, ಬೆರಳೇನೂ ಉದುರಲಿಲ್ಲ. ಸಾರಾಯಿ ಅಂಗಡಿಗಳ ಮುಂದೆ ನಾವು ಹೆಂಗಸರು ಕೂತು ಘೋಷಣೆ ಕೂಗುತ್ತಿದ್ದ ಕಾಲದಲ್ಲಿ ಅವನನ್ನು ಕಂಡೆ. ಮೈಕ್ ಹಿಡಿದು ಹೆಣ್ಣಿನ ಕಣ್ಣೀರಿನ ಬಗ್ಗೆ ಎಷ್ಟು ಚೆಂದ ಮಾತಾಡುತ್ತಿದ್ದ! ಆ ಕಣ್ಣೀರೇ ಅವನಿಗೆ ಓಟು ತಂದಿತು. ಅವನು ಗೆದ್ದ ದಿನದಿಂದ ನನ್ನ ಗಂಟಲು ಕಟ್ಟಿತು. ಸಭೆಯಲ್ಲಿ ಪಕ್ಕಕ್ಕೆ ಕೂರುವುದು, ಹಾರ ಹಿಡಿಯುವುದು, ನಗುವುದು. ಇಷ್ಟೇ ಕೆಲಸ.

ನಿನ್ನ ವಿಷಯದಲ್ಲಿ ಅವನು ಇನ್ನೂ ಜಾಣ. ಗಂಡ ಸತ್ತ ನಿನಗೆ ಸೀರೆ ಉಡಿಸಿ ಉಡಿಕೆ ಮಾಡಿಕೊಂಡ. ಉಡಿಕೆಗೆ ಓಲಗವಿಲ್ಲ, ಲಗ್ನಪತ್ರಿಕೆಯಿಲ್ಲ, ಫೋಟೋ ಇಲ್ಲ. ನಾಳೆ ಇಲ್ಲವೆನ್ನಲು ಇದಕ್ಕಿಂತ ಅನುಕೂಲದ ಮದುವೆ ಯಾವುದು? ಕಾರ್ಯಕರ್ತನ ಮಗಳಿಗೆ ಬೇಕು ಎಂದು ಹೇಳಿ, ಆ ಸೀರೆ ಆರಿಸಲು ನನ್ನನ್ನೇ ಕರೆದೊಯ್ದಿದ್ದ. ಹಸಿರು ಒಡಲು, ಕೆಂಪು ಅಂಚು. ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿ ಆರಿಸಿದೆ. ಆಮೇಲೆ ಅದನ್ನು ಕಂಡದ್ದು ನಿನ್ನ ಮೈಮೇಲೆ, ನಮ್ಮ ಗೇಟಿನ ಆಚೆ.

ಕಾಣೆಯಾಗುವ ಕೆಲವು ದಿನ ಮೊದಲು ನೀನು ಬಂದಾಗ ನಾನು ಒಳಗೇ ಇದ್ದೆ. ಕಿಟಕಿಯ ಪರದೆ ಹಿಂದೆ ನಿಂತಿದ್ದೆ. ವಾಚ್‌ಮನ್ ದೌಲಪ್ಪನಿಗೆ ಹೇಳಿ ಕಳಿಸಿದ್ದೂ ನಾನೇ. ಅವನು ನಿನಗೆ, "ಅಕ್ಕಾವ್ರು ಪೂಜಾದಾಗ ಕುಂತಾರ. ಇವತ್ತ ಭೇಟಿ ಆಗಂಗಿಲ್ರೀ," ಅಂದ. ನೀನು ಹೋಗಲಿಲ್ಲ. ಬೇವಿನ ನೆರಳಿಗೆ ಕುಕ್ಕರಗಾಲಲ್ಲಿ ಕೂತೆ. ಮೂರು ತಾಸಾದ ಮೇಲೆ ಎದ್ದು ಸೆರಗು ಕೊಡವಿ ನೀನು ಅಂದದ್ದನ್ನು ದೌಲಪ್ಪ ನಗು ತಡೆದುಕೊಂಡು ಬಂದು ಹೇಳಿದ: "ಅಕ್ಕಾವ್ರ ದೇವರು ಭಾಳ ಗಟ್ಟಿ ಅದಾನ, ಮೂರು ತಾಸಾದ್ರೂ ಅವ್ರನ್ನ ಬಿಡವಲ್ಲ." ಮುಂದಿನ ಮಾತು ಹೇಳುವಾಗ ಅವನು ನಗಲಿಲ್ಲ. ಇಲೆಕ್ಷನ್ ಬಂತು, ಸಾಹೇಬರಿಗೂ ನನಗೂ ಸಂಬಂಧವಿಲ್ಲ ಎಂದು ಬಾಂಡ್ ಪೇಪರ್ ಮೇಲೆ ಬರೆದುಕೊಡು ಎಂದು ಅವರ ಪಿ.ಎ. ದತ್ತಪ್ಪ ನಿನ್ನ ಬೆನ್ನು ಹತ್ತಿದ್ದನಂತೆ. "ಸುಳ್ಳು ಬರಿಯಾಕ ನಾ ಅಕ್ಷರ ಕಲ್ತಿಲ್ಲ ಅಂತ ಅಕ್ಕಾವ್ರಿಗಿ ಹೇಳ್ರಿ," ಅಂದೆಯಂತೆ.

ಆ ಮಾತು ಕೇಳಿ ನಾನು ಗೇಟಿನ ರಿಜಿಸ್ಟರ್ ತರಿಸಿದೆ. ಬಂದವರ ಹೆಸರು, ಊರು, ಯಾರ ಭೇಟಿ ಎಂಬುದನ್ನೆಲ್ಲ ದೌಲಪ್ಪನೇ ಗೀಚಿ ತುಂಬುತ್ತಾನೆ. ಅವತ್ತು ಮಾತ್ರ ನೀನು ಪೆನ್ನು ಕಸಿದುಕೊಂಡಿದ್ದೆ. "ಸುನಂದಾ. ಕಮಲಾಪುರ. ಅಕ್ಕನ ಭೇಟಿಗೆ." ದುಂಡನೆಯ ಅಕ್ಷರ, ಒತ್ತು ಕೂಡ ತಪ್ಪಿಲ್ಲ. ಓದಿ ಮುಚ್ಚಿಟ್ಟೆ. ಓಡಿ ಬಂದು ನಿನ್ನನ್ನು ಕರೆಯಲಿಲ್ಲ.

ಹೋದ ಸೋಮವಾರ ದತ್ತಪ್ಪ ನಾಮಪತ್ರದ ಕಾಗದಗಳನ್ನು ಪಡಸಾಲೆಯಲ್ಲಿ ಹರವಿಕೊಂಡು ಕೂತಿದ್ದ. ನನ್ನನ್ನು ಕಂಡು ಶುಭಸಮಾಚಾರ ಹೇಳುವವನ ಹಾಗೆ ಒಂದು ಬಾಂಡ್ ಎತ್ತಿ ತೋರಿಸಿದ. "ಇನ್ನ ನಿಮಗ ಚಿಂತಿ ಇಲ್ರೀ ಅಕ್ಕಾವ್ರ. ಸಂಬಂಧ ಇಲ್ಲಾಂತ ಆಕಿನೇ ಹೆಬ್ಬೆಟ್ಟು ಒತ್ತಿ ಕೊಟ್ಟಾಳ." ಸಹಿ ಯಾಕಿಲ್ಲ ಎಂದೆ. ಅವನು ನಕ್ಕ. "ಆ ಹಳ್ಳಿ ಹೆಂಗಸಿಗಿ ಸಹಿ ಎಲ್ಲಿಂದ ಬರ್ತದ್ರೀ?"

ಸುನಂದಾ, ಅಂದಿನಿಂದ ನನ್ನ ಕಣ್ಣು ಮುಚ್ಚಿಲ್ಲ. ಅದು ನಿನ್ನ ಹೆಬ್ಬೆರಳೋ ಬೇರೆ ಯಾರದೋ? ನಿನ್ನದೇ ಆಗಿದ್ದರೆ, ಮಸಿ ಹಚ್ಚಿ ಒತ್ತುವಾಗ ನಿನಗೆ ಎಚ್ಚರವಿತ್ತೇ? ಉಸಿರಿತ್ತೇ? ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ದೃಷ್ಟಿ ನಿಲ್ಲುವುದಿಲ್ಲ. ಆ ನೀಲಿ ಗುರುತೇ ಅಗಲವಾಗುತ್ತ ಬರುತ್ತದೆ. ಪೂಜೆಯೆಂದು ನಾನು ಹೇಳಿದ ಸುಳ್ಳು ಈಗ ನನ್ನ ಪೂಜೆಯನ್ನೇ ತಿನ್ನುತ್ತಿದೆ. ಗೇಟು ಕಿರ್ ಎಂದರೆ ಹಸಿರು ಸೆರಗು ಸುಳಿದಂತಾಗಿ ಏಳುತ್ತೇನೆ. ಬಂದವರು ಯಾರೋ ಹಾರ ಹಿಡಿದವರು.

ಕನ್ನಡಿಯ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಗಂಡನನ್ನು ನೇರವಾಗಿಯೇ ಕೇಳಿದೆ, ಸುನಂದಾ ಎಲ್ಲಿ ಎಂದು. ಮೂರು ಬೆರಳು ಹಣೆಯ ಮೇಲೆ ಅಲುಗಲೂ ಇಲ್ಲ.

"ಯಾವ ಸುನಂದಾ?"

ಅವನು ಕೂಗಿ ಬಯ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ನಾಳೆ ಇನ್ನೊಬ್ಬರು ಕೇಳಿದರೆ, ಯಾವ ಶಿವಕಾಂತಮ್ಮ ಅನ್ನಲು ಅವನಿಗೆ ಎಷ್ಟು ಹೊತ್ತು ಬೇಕು?

ನಿನ್ನೆ ಶರಣಬಸವೇಶ್ವರ ಗುಡಿಗೆ ಹೋಗುತ್ತೇನೆಂದು ಹೇಳಿ ಕಮಲಾಪುರದ ಬಸ್ ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವವಳಿಗೆ ನಿನ್ನ ಹೆಸರು ಹೇಳಿದರೆ ತಿಳಿಯಲಿಲ್ಲ. ಆಮೇಲೆ ಅವಳೇ, "ಸಾಹೇಬರ ಆಕಿ ಮನಿಯೇನ್ರೀ?" ಅಂದಳು. ನೋಡು, ಆರು ವರ್ಷ ಬಾಳಿದ ಊರಿನಲ್ಲಿ ನಿನಗೆ ಹೆಸರಿಲ್ಲ. ನನಗೆ ಮಾತ್ರ ಎಲ್ಲಿದೆ? ನಾನು ಸಾಹೇಬರ ಮನೆಯವರು.

ನಿನ್ನ ಪಕ್ಕದ ಮನೆಯ ಟೇಲರ್ ಬಷೀರುನ್ನೀಸಾ ಬಾಗಿಲು ತೆರೆದು ತೋರಿಸಿದಳು. ಕೀಲಿ ಹಾಕಿರಲಿಲ್ಲ, ಬರೀ ಚಿಲಕ. ಪಾತ್ರೆಯಲ್ಲಿ ನೆನೆಹಾಕಿದ ಬೇಳೆ ಹುಳಿತು ಬೂಸರು ಹಿಡಿದಿತ್ತು. ಅವತ್ತು ನಿನ್ನ ಬಾಗಿಲಿಗೆ ಬಿಳಿ ಕಾರು ಬಂದದ್ದು ಓಣಿಗೆಲ್ಲ ಗೊತ್ತು, ಆದರೆ ಕೇಳಿದರೆ ಯಾರೂ ನೋಡಿಲ್ಲವಂತೆ. ನೀನು ಯಾರೊಂದಿಗೋ ಓಡಿ ಹೋದೆ ಎಂದು ದತ್ತಪ್ಪನ ಜನ ಸುದ್ದಿ ಹಬ್ಬಿಸಿದ್ದಾರೆ. ಬಷೀರುನ್ನೀಸಾ ನೀನು ಹೊಲಿಯಲು ಕೊಟ್ಟ ಬ್ಲೌಜನ್ನು ನನ್ನ ತೊಡೆಯ ಮೇಲೆ ಹಾಕಿದಳು. "ಜುಮ್ಮಾ ದಿನ ಒಯ್ತೀನಿ ಅಂದಾಳ ಅಕ್ಕಾ. ತೋಳು ಗಿಡ್ಡ ಮಾಡಬ್ಯಾಡ ಅಂತ ಎರಡು ಸಲ ಹೇಳ್ಯಾಳ. ಓಡಿ ಹೋಗಾಕಿ ತೋಳಿಂದು ಹೇಳ್ತಾಳೇನು?"

ಮೂವತ್ತು ವರ್ಷದ ಹಿಂದೆ ಬೀದಿಯಲ್ಲಿ ನಿಂತಿದ್ದ ಹೆಣ್ಣು ಇನ್ನೂ ನನ್ನೊಳಗೆ ಸತ್ತಿಲ್ಲ ಎಂದು ಹೇಳಲು ಆಸೆ. ಆದರೆ ಅದನ್ನು ಹೇಳಬಾರದು, ಮಾಡಿ ತೋರಿಸಬೇಕು. ನೂರು ಕಾಲ ಬಾಳು ಎಂದು ಹರಸುವ ಯೋಗ್ಯತೆ ನನಗಿಲ್ಲ. ಬದುಕಿರು ಸುನಂದಾ. ಬದುಕಿ ನನ್ನನ್ನು ಎದುರಿಗೆ ನಿಂತು ಬಯ್ಯಿ.

ಇಂತಿ,
ಮೂರು ತಾಸು ಬಾಗಿಲು ತೆರೆಯದ ನಿನ್ನ ಅಕ್ಕ,
ಶಿವಕಾಂತಮ್ಮ

ತಾ.ಕ.: ಸೋಮವಾರ, ಮಧ್ಯಾಹ್ನ. ಕಮಲಾಪುರ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನೀನು ಕಾಣೆಯಾಗಿದ್ದೀ ಎಂದು ನನ್ನ ಹೆಸರಿನಲ್ಲೇ ದೂರು ಕೊಟ್ಟೆ. ರಿಜಿಸ್ಟರಿನ ಆ ಹಾಳೆ ಹರಿದು ತಂದು ದೂರಿನ ಜೊತೆಗಿಟ್ಟಿದ್ದೇನೆ. ಬರೆಯಬಲ್ಲವಳು ಹೆಬ್ಬೆಟ್ಟು ಯಾಕೆ ಒತ್ತಿದಳು ಎಂದು ಅವರೇ ಹುಡುಕಲಿ. ಕಾಣೆಯಾದವಳು ನಿಮಗೆ ಏನಾಗಬೇಕು ಎಂದು ಬರೆದುಕೊಳ್ಳುವವನು ಕೇಳಿದ. ಸವತಿ ಎಂದೆ. ಪೆನ್ನು ಕೆಳಗಿಟ್ಟ. "ಪರಿಚಯದಾಕಿ ಅಂತ ಬರಿಲೇನ್ರೀ ಅಕ್ಕಾವ್ರ?" ಅಂದ. ಆ ಪೆನ್ನು ತೆಗೆದುಕೊಂಡು ನಾನೇ ಬರೆದೆ: ನನ್ನ ಗಂಡ ಅಣವೀರಪ್ಪನ ಎರಡನೆಯ ಹೆಂಡತಿ, ನನ್ನ ಸವತಿ. ಹೊರಗೆ ದತ್ತಪ್ಪನ ಕಾರು ಬಂದು ನಿಂತಿದೆ. ಈ ಕಾಗದ ಪಕ್ಕದಲ್ಲಿ ಕೂತ ಬಷೀರುನ್ನೀಸಾಳ ಬುರ್ಖಾದೊಳಗೆ ಹೋಗುತ್ತದೆ. ದೂರಿಗೆ ರಸೀದಿ ಇನ್ನೂ ಕೊಟ್ಟಿಲ್ಲ. ಕೊಡುವವರೆಗೆ ನಾನು ಏಳುವುದಿಲ್ಲ.