ಸೌಮ್ಯಾ ವೈನ್ಸ್

ಸೆಪ್ಟೆಂಬರ್ 24
ಮೆಸ್‌ನಲ್ಲಿ ಮತ್ತೆ ಟಿಂಡೆಕಾಯಿ ಪಲ್ಯ. ತಿನ್ನಲಿಲ್ಲ.
ಮ್ಯಾಮ್ ಕೊಟ್ಟ ಪ್ರಾಜೆಕ್ಟ್: ಒಂದು ಶಬ್ದ, ಅದರ ವಂಶ. 'ಓಯ್ನೊಸ್' ಎಂದೆ — ಹಳೆಯ ಗ್ರೀಕಿನಲ್ಲಿ ವೈನ್. ತಕ್ಷಣ ರೂಮ್‌ಮೇಟ್ ನಮಿತಾ, "ಮ್ಯಾಮ್, ನಂಗೂ ಅದೇ!" ಇಬ್ಬರೂ ಮಾಡಿ, ಚೆನ್ನಾಗಿರುವುದು ಸೆಮಿನಾರಿಗೆ ಎಂದರು ಮ್ಯಾಮ್.
ನನ್ನದೆಲ್ಲ ಅವಳಿಗೂ ಬೇಕು. ಶಾಂಪೂ ಕೂಡ.

ಸೆಪ್ಟೆಂಬರ್ 29
ಲೈಬ್ರರಿ. ಈಗಿನ ಗ್ರೀಕರ ಮಾತಿನಲ್ಲಿ ವೈನ್ ಎಂದರೆ 'ಕ್ರಸಿ'. ಹಿಂದೆ ನೀರು ಬೆರೆಸಿ ಕುಡಿಯುತ್ತಿದ್ದರಲ್ಲ — ಬೆರಕೆ ಎಂಬುದರಿಂದ ಬಂದದ್ದು. ಓಯ್ನೊಸ್ ಉಳಿದಿರುವುದು ಪುಸ್ತಕದಲ್ಲಿ, ಅಂಗಡಿಯ ಬೋರ್ಡಿನಲ್ಲಿ — 'ಇನೊಪೊಲಿಯೊ', ಅಂದರೆ ವೈನ್ ಅಂಗಡಿ; ಓಯ್ನೊಸ್ ಈಗ 'ಇನೊಸ್' ಆಗಿದೆ. ಸೂಪರ್ ಪಾಯಿಂಟ್!
ಪುಸ್ತಕವನ್ನು ಬೇರೆ ಶೆಲ್ಫಿನಲ್ಲಿ ತುರುಕಿ ಬಂದೆ. ನಮಿತಾ ಹುಡುಕಲಿ.

ಅಕ್ಟೋಬರ್ 2, ಮಧ್ಯಾಹ್ನ
ಪಪ್ಪನ ಫೋನ್. "ಇವತ್ತು ಡ್ರೈ ಡೇ ಅಲ್ವಾ ಮಗಾ, ಅಂಗಡಿ ಬಂದ್. ಭಾಂಡುಪಿಗೆ, ಮನೆಗೆ ಬಾ. ಕೋರಿರೊಟ್ಟಿ ಮಾಡಿದ್ದೇನೆ."
ಅಸೈನ್‌ಮೆಂಟ್ ಎಂದೆ. ಅಮ್ಮ ಹೋದ ಮೇಲೆ, ವೈನ್ ಶಾಪಿನ ಮೇಲಿನ ಮನೆ ಹುಡುಗಿಗೆ ಬೇಡ ಎಂದು ಹಾಸ್ಟೆಲ್ಲಿಗೆ ಹಾಕಿದವರು ಅವರೇ. ಇಲ್ಲಿ ಎಲ್ಲರಿಗೂ ಪಪ್ಪನದು ಹೋಟೆಲ್ ಎಂದಿದ್ದೇನೆ.

ರಾತ್ರಿ
ನಮಿತಾ ಭಾಂಡುಪಿನ ಅತ್ತೆ ಮನೆಯಿಂದ ಬಂದಳು. ಸ್ಟೀಲ್ ಡಬ್ಬದ ತುಂಬ ಕೋರಿರೊಟ್ಟಿ. ಬೆರಳು ನೆಕ್ಕಿ ತಿಂದೆ. ಕೆಲವರಿಗೆ ಇಂಥ ಅತ್ತೆ ಇರುತ್ತಾರೆ...

ಅಕ್ಟೋಬರ್ 6
ನಮಿತಾಳ ಪ್ರೆಸೆಂಟೇಶನ್ ಮೊದಲು. ಮೊದಲ ಸ್ಲೈಡಿನಲ್ಲೇ ಪಪ್ಪನ ಅಂಗಡಿ, ಬೋರ್ಡು ಸಹಿತ: 'ಸೌಮ್ಯಾ ವೈನ್ಸ್'.
"ಸೌಮ್ಯಾ, ನಿನ್ ದುಕಾನ್!" ಹೆಸರು ನೋಡಿ ಯಾರೋ ಕೂಗಿದರು. ಕ್ಲಾಸೆಲ್ಲ ನಗು. ನಾನೂ ನಕ್ಕೆ.
ನಮಿತಾ ಮುಂದುವರಿಸಿದಳು: "ಇಲ್ಲಿ ಯಾರೂ ವೈನ್ ಕೇಳೋದಿಲ್ಲ. ಬೇಕಾದ್ದು ವಿಸ್ಕಿ, ರಮ್. 'ಕ್ವಾರ್ಟರ್ ದೇ' ಅಂತಾರೆ. ವೈನ್ ಇರೋದು ಬೋರ್ಡಲ್ಲಿ ಮಾತ್ರ, ಅಂದ್ರು ಓನರ್ ಸದಾನಂದ ಅಂಕಲ್." ಮ್ಯಾಮ್ ಚಪ್ಪಾಳೆ ತಟ್ಟಿದರು. ನನ್ನದೇ ಪಾಯಿಂಟ್. ಗ್ರೀಸಿಗೆ ಹೋಗದೆ ಸಿಕ್ಕಿದೆ ಅವಳಿಗೆ.
ಸೆಮಿನಾರ್ ಅವಳದೇ. ಹೋಗಲಿ. ಆದರೆ ಡ್ರೈ ಡೇ ದಿನ ಪಪ್ಪ ಅವಳ ಹತ್ತಿರ ಇಡೀ ಮಧ್ಯಾಹ್ನ ಮಾತಾಡಿದರಂತೆ! ಬೋಣಿಯ ನೋಟು ಕಣ್ಣಿಗೊತ್ತಿಕೊಳ್ಳುವುದು, ಊರಿನ ಶೇಂದಿ, ಎಲ್ಲ. ನನ್ನ ಹತ್ತಿರ — ಊಟ ಆಯ್ತಾ, ಫೀಸ್ ಕಟ್ಟಿದ್ಯಾ. ಅಷ್ಟೇ.

ಸಂಜೆ
ನಮಿತಾ ಕೂದಲು ಬಾಚುತ್ತ ಹೇಳಿದ್ದು: "ನನ್ನ ರೂಮ್‌ಮೇಟೂ ಸೌಮ್ಯಾನೇ, ಅವಳ ಪಪ್ಪಂದು ಹೋಟೆಲ್ ಅಂದೆ. ಯಾವ ಕಾಲೇಜು ಅಂತ ಕೇಳಿದ್ರು ಅಂಕಲ್. ಹೇಳಿದೆ. 'ಹೋಟೆಲ್ ಒಳ್ಳೆ ಧಂಧಾ' ಅಂದ್ರು. ಡಬ್ಬ ಕಟ್ಟಿಕೊಟ್ರು, 'ಅವಳಿಗೂ ಕೊಡು ಮಾರಾಯ್ತಿ, ಹಾಸ್ಟೆಲ್ ಊಟ ಸೇರೂದಿಲ್ಲ' ಅಂತ. ಸೋ ಸ್ವೀಟ್, ನಾ?"

ಡಬ್ಬ ಇನ್ನೂ ನನ್ನ ಮಂಚದ ಕೆಳಗಿತ್ತು. ತೊಳೆದೆ. ಮತ್ತೆ ತೊಳೆದೆ.
ಫೋನ್ ಮಾಡಿದೆ. ಹಿಂದೆ ಅಂಗಡಿಯ ಗಲಾಟೆ.
"ಎಂತ ಮಗಾ, ಅಸೈನ್‌ಮೆಂಟ್ ಆಯ್ತಾ?"
"ಪಪ್ಪಾ, ಡಬ್ಬ ವಾಪಸ್ ಕೊಡ್ಲಿಕ್ಕೆ ನಾನೇ ಬರ್ತೇನೆ."