ವಿಠೋಬನ ಸೊಂಟದ ಲಾಡಿ

ಠಾಕುರ್ಲಿ
೨ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಸೌಭಾಗ್ಯಕ್ಕನಿಗೆ ತಂಗಿ ಅನಸೂಯಾ ಮಾಡುವ ನಮಸ್ಕಾರ.

ಅಕ್ಷರ ವಾರೆಕೋರೆ ಇವೆ, ಮೊದಲೇ ತಪ್ಪಾಯಿತು ಎನ್ನುತ್ತೇನೆ. ಒತ್ತು, ದೀರ್ಘ ಎಲ್ಲಿ ಬಿಟ್ಟಿದ್ದೇನೋ ನನಗೇ ತಿಳಿಯುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಗೋಡೆಯ ಮೇಲೆ ಹಾಲಿನವನ ಗೀಟು ಮಾತ್ರ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಈ ಮಾತನ್ನು ಮಕ್ಕಳ ಮುಂದೆ ಆಡುವಂತಿಲ್ಲ, ನಮ್ಮ ಈ ಒಂದೇ ಖೋಲಿಯ ಮನೆಯಲ್ಲಿ ಮಕ್ಕಳಿಲ್ಲದ ಮೂಲೆ ಇಲ್ಲ. ಗೋಡೆಯ ಆಚೆ ಪ್ರಾಜಕ್ತಾ ಇರುತ್ತಾಳೆ. ಈ ಕಾಗದದಲ್ಲಿ ಅವಳ ವಿಷಯವೂ ಇದೆ.

ನಿನ್ನ ಸೊಂಟದ ನೋವು ಹೇಗಿದೆ? ನಾಸಿಕದಲ್ಲಿ ನೀನು ನೋಡಿಕೊಳ್ಳುವ ಆ ಮುದುಕಿ ಈಗಲಾದರೂ ಎದ್ದು ಕೂರುತ್ತಾರಾ? ಅವರನ್ನು ಒಬ್ಬಳೇ ಎತ್ತಬೇಡ, ಮನೆಯವರನ್ನು ಕರೆ. ಇಲ್ಲಿ ನಿನ್ನ ಮಕ್ಕಳಿಬ್ಬರೂ ಆರಾಮ ಇದ್ದಾರೆ. ಶ್ರೀಪ್ರಿಯಾಳ ಕೆಮ್ಮು ಹೋಯಿತು. ವಿರು ಅನ್ನ ಬಿಟ್ಟು ರೊಟ್ಟಿಗೆ ಬಂದಿದ್ದಾನೆ, ಆದರೆ ಮಾತೆಲ್ಲ ಮರಾಠಿ. ನಾನು ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ, ಬೈಗುಳ ತನಗಲ್ಲ ಎನ್ನುವ ಹಾಗೆ. ನಮ್ಮ ಮನೆಯವರು ಎಂದಿನಂತೆ ಕಲ್ಯಾಣ ಮಾರ್ಕೆಟಿನಲ್ಲಿ ಹಮಾಲಿಗೆ ಹೋಗುತ್ತಾರೆ. ನಿನ್ನನ್ನು ಕೇಳಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ಯುಗಾದಿ ಪಾಡ್ಯ ಇತ್ತಲ್ಲ, ಡೊಂಬಿವಲಿಯ ಶೋಭಾಯಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬರೇ ನೋಡುವುದಕ್ಕಲ್ಲ. ಅವರಿಬ್ಬರೂ ಟೆಂಪೋದ ಮೇಲೆ ವಿಠೋಬ ರುಕ್ಮಿಣಿ ಆಗಿ ನಿಂತಿದ್ದರು. ಸಿಟ್ಟಾಗಬೇಡ, ಪೂರ್ತಿ ಓದು.

ಇದು ಶುರುವಾದದ್ದು ಶಿವರಾತ್ರಿಯ ಮುಂಚೆ. ಪಕ್ಕದ ಖೋಲಿಯ ಈ ಪ್ರಾಜಕ್ತಾ ಒಂದು ವರ್ಷದಲ್ಲಿ ನನ್ನ ಜೊತೆ ನಳದ ನೀರಿನ ಪಾಳಿ ಬಿಟ್ಟು ಬೇರೆ ಮಾತು ಆಡಿದವಳಲ್ಲ. ಒಂದು ದಿನ ಶಂಕರಪಾಳಿ ತುಂಬಿದ ಡಬ್ಬಿ ಹಿಡಿದು ಬಂದಳು. ನಮ್ಮ ಮಹಿಳಾ ಮಂಡಳಿ ಈ ಸಲ ಪಂಢರಪುರದ ದೇಖಾವೆ ಕಟ್ಟುತ್ತದೆ, ವಿಠೋಬ ರುಕ್ಮಿಣಿಯ ವೇಷಕ್ಕೆ ನಿಮ್ಮ ಮನೆಯ ಮಕ್ಕಳನ್ನು ಕೊಡು ಎಂದಳು. ಡಬ್ಬಿ ತೆಗೆದುಕೊಂಡೆ, ಆದರೆ ಮನಸ್ಸು ಹಿಂದೆ ಸರಿಯಿತು. ಈ ಚಾಳಿನಲ್ಲಿ ಇಷ್ಟು ಮಕ್ಕಳಿದ್ದಾರೆ, ಮರಾಠಿಯವರವೇ ಬೆಳ್ಳಗೆ ದುಂಡಗೆ ಇವೆ. ನಮ್ಮವೇ ಯಾಕೆ ಬೇಕು? ಕೇಳಿದರೆ, "ವಿಠ್ಠಲ ಕಪ್ಪಗೇ ಇರಬೇಕಲ್ಲ ಗ," ಎಂದು ತನ್ನ ಮರಾಠಿ 'ಗ' ಸೇರಿಸಿ ನಕ್ಕಳು. ಆ ನಗುವೂ ನನಗೆ ಸರಿ ಕಾಣಲಿಲ್ಲ.

ಆಮೇಲೆ ದಿನಾ ಬಂದಳು. ಕಿರೀಟಕ್ಕೆಂದು ವಿರುವಿನ ತಲೆಯ ಸುತ್ತ ದಾರ ಹಿಡಿದಳು, ಅದು ಸರಿ. ಕಣಕಾಲಿಗೂ ಹಿಡಿದಳು. ವೇಷ ಹಾಕಿ ಫೋನಿನಲ್ಲಿ ಫೋಟೋ ತೆಗೆದಳು. ಒಂದು ವಾರ ಬಿಟ್ಟು ಬಂದವಳು ಇದ್ದಕ್ಕಿದ್ದ ಹಾಗೆ ಕೇಳಿದಳು, ಈ ಮಕ್ಕಳ ಅಪ್ಪನ ಹೆಸರು ಏನು, ಊರು ಯಾವುದು, ಅಪ್ಪನ ಕಡೆಯವರು ಈಗ ಎಲ್ಲಿದ್ದಾರೆ ಅಂತ. ಗೊತ್ತಿಲ್ಲ ಎಂದೆ. ತನ್ನ ಅಕ್ಕನ ಗಂಡನ ಹೆಸರು ಗೊತ್ತಿಲ್ಲದ ಹೆಂಗಸನ್ನು ಯಾರಾದರೂ ನಂಬುತ್ತಾರಾ? ಅವಳು ನಂಬಿದ ಹಾಗೆ ಮಾಡಿದಳು. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಅಕ್ಕ, ನಾನು ಯಾರನ್ನು ನೆನೆಸಿಕೊಂಡೆ ಎಂದು ನಿನಗೆ ಹೇಳಬೇಕಾಗಿಲ್ಲ. ಅಂಬರನಾಥದಲ್ಲಿ ಭಾವ ಕಟ್ಟಡದ ಮೇಲಿಂದ ಬಿದ್ದು ತೀರಿಹೋದ ಮೂರನೇ ದಿನವೇ ನಿನ್ನ ಅತ್ತೆ ಚಂದ್ರಬಾಯಿ ಜನರ ಮುಂದೆ ನಿನ್ನ ಕಾಲ್ಗುಣ ಎಂದದ್ದು, ನಿನ್ನ ಮೈದುನ ಯಂಕಪ್ಪ ತೊಡೆ ತಟ್ಟಿ "ಗಂಡ್ ಕೂಸು ನಮ್ಮ ಮನಿತನದ್ದು, ಇವತ್ತಲ್ಲ ನಾಳಿ ಎತಗೊಂಡು ಹೋಗವ್ರೇ," ಎಂದದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. ನಾಸಿಕದ ಬಸ್ ಹತ್ತುವಾಗ ನೀನು ನನ್ನ ಕೈ ಹಿಡಿದು, "ಆ ಮನಿಯವರ ನೆಳ್ಳು ಸೈತ ನನ್ನ ಮಕ್ಕಳ ಮ್ಯಾಲ ಬೀಳಬಾರದು, ಅನಸಿ," ಎಂದೆ. ನಾನು ಹೂಂ ಎಂದಿದ್ದೆ.

ಹಾಗಾದರೆ ಯಾಕೆ ಕಳಿಸಿದೆ ಎನ್ನುತ್ತಿ. ಬೇಡ ಎಂದೇ ಹೇಳಿದ್ದೆ. ಆದರೆ ಶ್ರೀಪ್ರಿಯಾ ರುಕ್ಮಿಣಿಯ ಹಸಿರು ಸೀರೆ ಒಮ್ಮೆ ಉಟ್ಟುಬಿಟ್ಟಿದ್ದಳು. ಬಿಚ್ಚುವಾಗ ಅಳಲಿಲ್ಲ, ಸೀರೆಯನ್ನು ಮಡಿಚಿ ಕೊಟ್ಟು ಮೂಲೆಯಲ್ಲಿ ಕೂತಳು. ನೀನು ಹೋದ ದಿನವೂ ಹಾಗೇ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಕಳಿಸುತ್ತೇನೆ, ಆದರೆ ನಾನು ಟೆಂಪೋದ ಪಕ್ಕ ಬಿಡದೆ ನಡೆಯುತ್ತೇನೆ ಎಂದೆ. ಪ್ರಾಜಕ್ತಾ ಒಪ್ಪಿದಳು. ಬೇಗ ಒಪ್ಪಿದಳು.

ಪಾಡ್ಯದ ದಿನ ಬೆಳಿಗ್ಗೆ ವಿರುವಿನ ಮುಖ, ಕೈಗೆ ಕಪ್ಪು ಬಣ್ಣ ಬಳಿಯುವ ಮುಂಚೆ ಅವನ ಹೊಟ್ಟೆಯ ಮೇಲೆ ಬಾಲ್ ಪೆನ್ನಿನಿಂದ ನಮ್ಮ ಫೋನ್ ನಂಬರ್ ಬರೆದೆ. ಅದು ಸಾಲದೆಂದು ಸೀರೆಯ ಒಳಗೆ ಉಡುವ ನನ್ನ ಪರಕಾರದ ಲಾಡಿ ಎಳೆದು ತೆಗೆದೆ. ಒಂದು ತುದಿ ಅವನ ಉಡದಾರಕ್ಕೆ ಕಟ್ಟಿ, ಪೀತಾಂಬರದ ಒಳಗಿನಿಂದ ಹಾಯಿಸಿ, ಇನ್ನೊಂದು ತುದಿ ನನ್ನ ಮುಷ್ಟಿಯಲ್ಲಿ ಹಿಡಿದೆ. ನಮ್ಮ ಮನೆಯವರು ಚಹಾ ಕುಡಿಯುತ್ತ ನೋಡಿ, "ಹೋರಿ ಹೊಡಕೊಂಡು ಸಂತಿಗಿ ಹೊಂಟಂಗ ಹೊಂಟೀದಿ ನೋಡು, ದೇವರ ಮೂಗಿಗಿ ಅಷ್ಟು ದಾಣ ಹಾಕೋದು ಬಾಕಿ," ಎಂದರು. ಆಗಲಿ ಎಂದೆ.

ಫಡಕೆ ರೋಡಿನ ಆ ಜನ ನೀನು ನೋಡಬೇಕಿತ್ತು. ಒಂಬತ್ತು ವಾರಿ ಸೀರೆ ಉಟ್ಟು ಕಪ್ಪು ಕನ್ನಡಕ ಹಾಕಿದ ಹೆಂಗಸರು ಬುಲೆಟ್ ಗಾಡಿ ಓಡಿಸುತ್ತಿದ್ದರು. ಒಬ್ಬಳ ನತ್ತು ಅವಳ ಗಾಡಿಯ ಕನ್ನಡಿಗಿಂತ ದೊಡ್ಡದಿತ್ತು. ನೆಲಕ್ಕೆಲ್ಲ ರಂಗೋಲಿ, ಮಾಳಿಗೆಗಳ ಮೇಲೆಲ್ಲ ರೇಷ್ಮೆ ಬಟ್ಟೆ ಕಟ್ಟಿದ ಗುಡಿಯ ಕೋಲು. ನಮ್ಮ ವಿಠೋಬ ಥರ್ಮಾಕೋಲಿನ ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತಿದ್ದ. "ಹಾತ್ ಕಾಢೂ ನಕೋ," ಕೈ ತೆಗೀಬೇಡ, ಎಂದು ಪ್ರಾಜಕ್ತಾ ಹೇಳಿದ್ದಳು. ಮೂಗು ತುರಿಸಿದರೂ ತೆಗೆಯಲಿಲ್ಲ. ಮೂಗನ್ನು ರುಕ್ಮಿಣಿಯ ಹೆಗಲಿಗೆ ಒರೆಸಿದ, ರುಕ್ಮಿಣಿ ಮೆಲ್ಲಗೆ ಒದ್ದಳು. ನೋಡಿದವರು ಕೈ ಮುಗಿದರು. ನಾನು ಮಾತ್ರ ದೇವರನ್ನು ನೋಡದೆ ನೋಡುವವರ ಮುಖ ನೋಡುತ್ತ ನಡೆದೆ. ಯಾವ ಗಂಡಸು ಟೆಂಪೋ ಹತ್ತಿರ ಬಂದರೂ ಯಂಕಪ್ಪನ ಮೀಸೆ ಕಾಣುತ್ತಿತ್ತು. ಪ್ರಾಜಕ್ತಾ ಪದೇ ಪದೇ ಫೋನಿನಲ್ಲಿ ಯಾರಿಗೋ, ಈಗ ಇಲ್ಲಿಗೆ ಬಂದೆವು, ಈಗ ಅಲ್ಲಿಗೆ ಬಂದೆವು ಎಂದು ಹೇಳುತ್ತಿದ್ದಳು. ಲಾಡಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.

ಗಣಪತಿ ಗುಡಿ ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಢೋಲು ಬಾರಿಸುವವರ ಪಥಕ ನುಗ್ಗಿತು. ಜನ ಪಕ್ಕಕ್ಕೆ ಒತ್ತಿದರು. ನಾನು ಒಂದು ಅಂಗಡಿಯ ಮೆಟ್ಟಿಲಿಗೆ ಹೋಗಿ ಬಿದ್ದೆ. ಎದ್ದಾಗ ಕೈ ಖಾಲಿ. ಟೆಂಪೋ ಮುಂದೆ ಹೋಗಿತ್ತು, ನಡುವೆ ಢೋಲುಗಳ ಗೋಡೆ. ವಿರು ಎಂದು ಕೂಗಿದೆ, ನನ್ನ ಕೂಗು ನನಗೇ ಕೇಳಿಸಲಿಲ್ಲ. ಜನರ ಮುಂದೆ ದನಿ ಎತ್ತದ ನಾನು ಅವತ್ತು ಎಷ್ಟು ಜನರನ್ನು ತಳ್ಳಿದೆನೋ, ಯಾರ ಕಾಲು ತುಳಿದೆನೋ.

ಮುಂದಿನ ತಿರುವಿನಲ್ಲಿ ಟೆಂಪೋ ಸಿಕ್ಕಿತು. ವಿಠೋಬ ಇಟ್ಟಿಗೆಯ ಮೇಲೇ ಇದ್ದ. ಕೈ ಸೊಂಟದ ಮೇಲೇ ಇತ್ತು. ಆದರೆ ಕಪ್ಪು ಬಣ್ಣದ ತುಟಿಯ ಮೇಲೆ ಮೀಸೆಯ ಹಾಗೆ ಒಂದು ತೆಳು ಹಳದಿ ಗೆರೆ. ರುಕ್ಮಿಣಿಯ ಮಡಿಲಲ್ಲಿ ಮುಚ್ಚಳವಿದ್ದ ಒಂದು ಸ್ಟೀಲಿನ ತಂಬಿಗೆ. ಏನು ಕುಡಿದೆ ಎಂದೆ. "ಮಾವಶಿ, ಗೋಡ್ ಗೋಡ್ ಪಾಣೀ," ಸಿಹಿ ಸಿಹಿ ನೀರು, ಎಂದ. ಮುಚ್ಚಳ ತೆಗೆದು ಮೂಸಿದೆ. ಬೇವು, ಅಕ್ಕ. ನಮ್ಮ ಬೇವು. ಪುಠಾಣಿ ಹಿಟ್ಟು, ಬೆಲ್ಲ, ಹುಣಸೆಹುಳಿ, ಮಾವಿನಕಾಯಿ ತುರಿ, ಮೇಲೆ ನಾಲ್ಕು ಬೇವಿನ ಹೂ ಹಾಕಿ ಕುಡಿಯಲು ಮಾಡುವುದು. ಇಲ್ಲಿಯ ಮರಾಠಿ ಜನ ಬೇವಿನ ಎಲೆಯನ್ನು ಬೆಲ್ಲದ ಜೊತೆ ಅರೆದು ಚೂರು ಬಾಯಿಗೆ ಹಾಕುತ್ತಾರೆಯೇ ಹೊರತು ಹೀಗೆ ತಂಬಿಗೆ ತುಂಬ ಮಾಡುವುದಿಲ್ಲ. ಯಾರು ಕೊಟ್ಟರು ಎಂದು ಕೇಳಿದರೆ ಶ್ರೀಪ್ರಿಯಾ, ಒಬ್ಬ ಅಜ್ಜಿ ಕೊಟ್ಟಳು, ವಿರುವಿನ ಹೆಸರು ಕೇಳಿದಳು, ಹೇಳಿದೆ, ಆದರೂ ಅವಳು ವಿರು ಅನ್ನಲಿಲ್ಲ, "ಕುಡಿ ನಮ್ಮ ಸಣ್ ಮುತ್ಯಾ," ಅಂದಳು ಎಂದಳು.

ಸಣ್ಣ ಅಜ್ಜನಂತೆ, ಅಕ್ಕ. ವಿರುವಿಗೆ ನೀನೇ ಇಟ್ಟ ಹೆಸರು, ನಿನ್ನ ಮಾವನ ಹೆಸರು, ವಿರೂಪಾಕ್ಷಪ್ಪ ಎಂದು. ಲೋಕದಲ್ಲಿ ಒಬ್ಬ ಹೆಂಗಸು ಮಾತ್ರ ಆ ಹೆಸರನ್ನು ಬಾಯಿಂದ ಆಡಲಾರಳು. ನಾನೂ ನಮ್ಮ ಮನೆಯವರ ಹೆಸರನ್ನು ಈ ಕಾಗದದಲ್ಲಿ ಬರೆದಿಲ್ಲ, ನೋಡು.

ಆಮೇಲೆ ನೆನಪಾಗಿ ಲಾಡಿ ಹುಡುಕಿದೆ. ಚಕ್ರದ ಕೆಳಗೆ ಸಿಕ್ಕಿ ಮಗುವನ್ನು ಎಳೆದಿದ್ದರೆ ಏನು ಗತಿ ಎಂದು ಆಗ ಹೊಳೆಯಿತು. ಅದು ನೆಲಕ್ಕೆ ಬಿದ್ದಿರಲಿಲ್ಲ. ಯಾರೋ ಅದನ್ನು ಮೇಲೆತ್ತಿ ಟೆಂಪೋದ ಕಬ್ಬಿಣದ ಸಳಿಗೆ ಎರಡು ಸುತ್ತು ಹಾಕಿ ಬಿಗಿದು ಕಟ್ಟಿದ್ದರು.

ಸಂಜೆ ನಳದ ಹತ್ತಿರ ಪ್ರಾಜಕ್ತಾಳನ್ನು ನಿಲ್ಲಿಸಿ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ಚಂದ್ರಬಾಯಿ ಈಗ ವಿಠ್ಠಲವಾಡಿಯಲ್ಲಿ ಯಂಕಪ್ಪನ ಜೊತೆ ಇದ್ದಾಳಂತೆ. ಪ್ರಾಜಕ್ತಾಳ ಮಂಡಳಿ ಸೇರುವ ಸಭಾಗೃಹದಲ್ಲಿ ಪಾತ್ರೆ ತಿಕ್ಕುವ ಕೆಲಸ. ಫೋನಿನಲ್ಲಿ ವಿರುವಿನ ಫೋಟೋ ಕಂಡು, ಸಣ್ಣವನಿದ್ದಾಗ ನನ್ನ ಮಗ ಹೀಗೇ ನಿಲ್ಲುತ್ತಿದ್ದ ಎಂದು ಅಲ್ಲೇ ಕೂತುಬಿಟ್ಟಳಂತೆ. "ದೂರದಿಂದ ನೋಡ್ತೀನಿ ಅಂದಿದ್ದಳು, ಹತ್ತಿರ ಬರ್ತಾಳೆ ಅಂತ ನನಗೂ ಗೊತ್ತಿರಲಿಲ್ಲ ಗ. ಮಗನಿಗೆ ಹೇಳಿಲ್ಲವಂತೆ," ಎಂದಳು. ಕಣಕಾಲಿನ ದಾರ ಯಾಕೆ ಎಂದೆ. ಗೆಜ್ಜೆಗೆ ಎಂದಳು. ಅದು ನಿಜ, ಗೆಜ್ಜೆ ಕಟ್ಟಿದ್ದರು. ಆದರೆ ಯಂಕಪ್ಪನಿಗೆ ಹೇಳಿಲ್ಲ ಎಂಬುದನ್ನು ನಾನು ಹೇಗೆ ನಂಬಲಿ? ಇವತ್ತು ಬೇವು ಕುಡಿಸಿದವಳು ನಾಳೆ ಮಗನನ್ನು ಕಳಿಸುವುದಿಲ್ಲ ಎಂದು ಯಾರು ಹೇಳಬೇಕು? ಆ ರಾತ್ರಿಯಿಂದ ಬಾಗಿಲಿಗೆ ಒಳಗಿನಿಂದ ಎರಡು ಚಿಲಕ ಹಾಕುತ್ತಿದ್ದೇನೆ.

ತಂಬಿಗೆ ನಮ್ಮಲ್ಲೇ ಉಳಿದಿದೆ. ಅವ್ವ ಯಾರ ಮನೆಯ ಪಾತ್ರೆಯನ್ನೂ ಬರಿದು ವಾಪಸ್ ಕಳಿಸುತ್ತಿರಲಿಲ್ಲ, ನಿನಗೆ ನೆನಪಿರಬೇಕು. ಬರಿದು ಕೊಟ್ಟರೆ ಹೋಗಿಬರುವುದು ಅಲ್ಲಿಗೇ ಮುಗಿದ ಹಾಗೆ. ಅದಕ್ಕೇ ತೊಳೆದು ಬೋರಲು ಹಾಕಿದ್ದೇನೆ. ನಾಳೆ ಪ್ರಾಜಕ್ತಾ ಸಭಾಗೃಹಕ್ಕೆ ಹೋಗುವಾಗ ಬರಿದು ತಂಬಿಗೆಯನ್ನೇ ಕೊಡುತ್ತೇನೆ. ಚಂದ್ರಬಾಯಿಗೆ ತಿಳಿಯುತ್ತದೆ. ನೀನು ಹೇಳಿದ ಮಾತೂ ಉಳಿಯುತ್ತದೆ.

ನಿನ್ನ ಸೊಂಟಕ್ಕೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳಿಬ್ಬರೂ ನಿನ್ನ ಕಾಲಿಗೆ ಬಿದ್ದಿದ್ದಾರೆ ಎಂದು ತಿಳಿ.

ನಿನ್ನ ತಂಗಿ
ಅನಸೂಯಾ

ತಾ.ಕ. ಗುರುವಾರ. ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಖೋಲಿ ಎಲ್ಲಿ ಎಂದು ಅವರಿಗೆ ಹೇಳಕೂಡದು ಅಂತ ಪ್ರಾಜಕ್ತಾಳಿಂದ ಮಕ್ಕಳ ತಲೆ ಮುಟ್ಟಿಸಿ ಮಾತು ತೆಗೆದುಕೊಂಡಿದ್ದೇನೆ, ಹೆದರಬೇಡ. ಆದರೆ ಅಕ್ಕ, ಎತ್ತಿಕೊಂಡು ಹೋಗಬೇಕೆಂದಿದ್ದರೆ ಅವತ್ತು ತಡೆಯಲು ನಾನು ಅಲ್ಲಿ ಇರಲಿಲ್ಲ. ನಿನ್ನ ಅತ್ತೆ ಲಾಡಿ ಬಿಚ್ಚಲಿಲ್ಲ, ಕಟ್ಟಿದಳು. ನಾಲ್ಕು ದಿನದಿಂದ ಇದೇ ಯೋಚನೆ. ನೀನು ಬೈದರೂ ಸರಿ. ಬೆಳಿಗ್ಗೆ ಪ್ರಾಜಕ್ತಾ ಬಾಗಿಲಿಗೆ ಬಂದು ಕೈ ಚಾಚಿದಾಗ ಬರಿದು ತಂಬಿಗೆ ಕೊಡಲು ಕೈ ಏಳಲಿಲ್ಲ. ಒಳಗೆ ಹೋಗಿ ಒಂದು ಹಿಡಿ ಸಕ್ಕರೆ ಹಾಕಿದೆ. ಲೋಕಲ್ ರೈಲಿನ ಗದ್ದಲದಲ್ಲಿ ಮುಚ್ಚಳ ಬಿಚ್ಚಿಕೊಳ್ಳಬಾರದೆಂದು ಅದೇ ಲಾಡಿ ಸುತ್ತಿ, ನಿನ್ನ ಅತ್ತೆ ಕಟ್ಟಿದ ಹಾಗೆಯೇ ಬಿಗಿದು ಕಟ್ಟಿ ಕೊಟ್ಟೆ.